ಚೆನ್ನವೀರಪ್ಪನವರ ಗುಳಿಹರಣ ಯಂತ್ರ

ಚೆನ್ನವೀರಪ್ಪ ಬಳಿಗಾರರು ಪಡಸಾಲೆಯ ನಡುವೆ ನಿಂತು, ಹಳೆಯ ಇಳಕಲ್ ಸೀರೆ ಹೊದಿಸಿದ ಅದೇನನ್ನೋ ತೋರಿಸುತ್ತ ಗಂಟಲು ಸರಿಮಾಡಿಕೊಂಡರು.

"ದಾಕ್ಷಾಯಣೀ, ಬಾ ಇಲ್ಲೆ! ಇವತ್ತಿಂದ ಹೆಂಗಸರ ಇತಿಹಾಸದಾಗ ಹೊಸಾ ಅಧ್ಯಾಯ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ದಾಕ್ಷಾಯಣಿ ಕೈ ನಿಲ್ಲಿಸಲಿಲ್ಲ. "ಮೊದಲ ನನ್ನ ಸೀರಿ ಅದರ ಮ್ಯಾಲಿಂದ ತಗೀರಿ. ಇತಿಹಾಸ ಆಮ್ಯಾಲೆ ನೋಡೂಣು!"

ಅವಳ ಅನುಮಾನಕ್ಕೆ ಕಾರಣವಿತ್ತು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದಂದಿನಿಂದ ಚೆನ್ನವೀರಪ್ಪನವರು ಕೈಕಟ್ಟಿ ಕೂತವರೇ ಅಲ್ಲ. ಅವರ ರೊಟ್ಟಿ ಬಡಿಯುವ ಯಂತ್ರ ಮೊದಲ ದಿನವೇ ಬಿಸಿಬಿಸಿ ರೊಟ್ಟಿಯನ್ನು ಕಂಪೌಂಡ್ ದಾಟಿಸಿ, ಪೇಪರ್ ಓದುತ್ತಿದ್ದ ಪಕ್ಕದ ಮನೆಯವರ ಮುಖಕ್ಕೆ ಅಂಟಿಸಿತ್ತು. ಸೊಳ್ಳೆ ಓಡಿಸುವ ಯಂತ್ರವಂತೂ ಇಡೀ ಅಕ್ಕನಬಳಗ ಕಾಲೊನಿಯ ಸೊಳ್ಳೆಗಳನ್ನು ಓಡಿಸಿತ್ತು, ಬಳಿಗಾರರ ಮನೆಯೊಳಕ್ಕೆ!

ಸೀರೆ ಸರಿಯಿತು. ಹಾರ್ಮೋನಿಯಮ್ಮನ್ನು ಕೂದಲು ಒಣಗಿಸುವ ಯಂತ್ರಕ್ಕೆ ಕೊಟ್ಟು ಮದುವೆ ಮಾಡಿದ್ದರೆ ಹುಟ್ಟಬಹುದಾಗಿದ್ದ ಕೂಸೊಂದು ಅಲ್ಲಿ ಕೂತಿತ್ತು. ಮುಂದೆ ಅಗಲ ಬಾಯಿ. ಹಿಂದೆ, ಬಿಸಿಗಾಳಿ ಹೊರಹೋಗಲೆಂದು ಇಟ್ಟ ಒಂದು ಕೊಳವೆ.

"ಗುಳಿಹರಣ ಯಂತ್ರ!" ಎಂದು ಚೆನ್ನವೀರಪ್ಪ ಕೂಗಿದರು. "ಇನ್ನ ನಿನ್ನ ತೊಡಿ ಮ್ಯಾಲಿನ ಗುಳಿ ಎಲ್ಲಾ ಮಾಯ!"

ಹೊರಗೆ ಬದನೆಕಾಯಿ ತೂಗುತ್ತಿದ್ದ ಗಾಡಿಯವನ ತಕ್ಕಡಿ ಗಾಳಿಯಲ್ಲೇ ನಿಂತುಬಿಟ್ಟಿತು.

"ರೀ! ಸಣ್ಣಕ ಮಾತಾಡ್ರಿ! ನನ್ನ ತೊಡಿ ಅಂದ್ರ ಏನು ಆಕಾಶವಾಣಿ ಸುದ್ದಿ ಏನ್ರಿ?"

ತೊಡೆಯ ಸಂಗತಿ ಶುರುವಾದದ್ದು ಈಜುಕೊಳದಲ್ಲಿ. ದಾಕ್ಷಾಯಣಿ ಹುಡುಗಿಯಾಗಿದ್ದಾಗ ಮಲಪ್ರಭಾ ಹೊಳೆಯಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿ ಈಜಿದವಳು. ಮದುವೆಯಾದ ಮೇಲೆ ಮಾತ್ರ ಬಕೀಟಿಗಿಂತ ಆಳದ ನೀರು ಕಂಡಿರಲಿಲ್ಲ. ಕಾಲೊನಿಯ ಹತ್ತಿರವೇ ಈಜುಕೊಳವಾಗಿ, ಹೆಂಗಸರಿಗೆಂದೇ ಬೇರೆ ವೇಳೆ ಇಟ್ಟಾಗ ಮೊದಲು ಹೆಸರು ಬರೆಸಿದವಳು ಅವಳೇ. ಆದರೆ ಮೊದಲ ದಿನವೇ ಎದುರುಮನೆಯ ಪ್ರಮೀಳಾ ಟೀಚರು ಎಲ್ಲರಿಗೂ ಕೇಳುವಂತೆ, "ಅಯ್ಯ, ದಾಕ್ಷಾಯಣಿ ಅವರ, ನಿಮ್ಮ ತೊಡಿ ಪಡ್ಡಿನ ಹಂಚ ಆಗ್ಯಾವಲ್ರೀ!" ಎಂದುಬಿಟ್ಟರು. ಅಂದಿನಿಂದ ದಾಕ್ಷಾಯಣಿ ನೀರಿನ ಅಂಚಿನವರೆಗೂ ಟವೆಲ್ ಸುತ್ತಿಕೊಂಡು ಬಂದು, ಟವೆಲ್ ಮೇಲಕ್ಕೆ ಹಾರುವಷ್ಟರಲ್ಲಿ ತಾನು ಕೆಳಕ್ಕೆ ಹಾರುತ್ತಿದ್ದಳು.

ಲೇಡಿ ಡಾಕ್ಟರ್ ಹತ್ತಿರವೂ ಹೋಗಿ ಬಂದಿದ್ದಳು. ಅವರು ನಕ್ಕು, "ಇದು ರೋಗ ಅಲ್ರೀ ಅಕ್ಕಾರ. ಭಾಳ ಮಂದಿ ಹೆಂಗಸರಿಗೆ ಇರೂದ. ಕಾಯಿಪಲ್ಯ ತಿನ್ರಿ, ಕರಿದದ್ದು ಕಡಿಮಿ ಮಾಡ್ರಿ, ದಿನಾ ನಡೀರಿ, ಬಸ್ಕಿ ಹೊಡೀರಿ, ಛಲೋ ನಿದ್ದಿ ಮಾಡ್ರಿ. ಒಂದೀಟು ಕಡಿಮಿ ಆಗ್ತಾವ. ಪೂರ್ತಿ ಹೋಗ್ತಾವ ಅಂತ ನಾ ಸುಳ್ಳು ಹೇಳಂಗಿಲ್ಲ," ಎಂದಿದ್ದರು.

ದಾಕ್ಷಾಯಣಿ ಹಾಗೇ ಮಾಡಿದಳು. ಬೆಳಿಗ್ಗೆ ನಡಿಗೆ, ಸಂಜೆ ಬಸ್ಕಿ, ರೊಟ್ಟಿಯ ಜೊತೆ ಪುಂಡಿಪಲ್ಯ. ಒಂದೀಟು ಕಡಿಮೆಯೂ ಆಗಿತ್ತು! ಒಂದೇ ಒಂದು ಸ್ಕ್ರೂ ಕೂಡ ಇಲ್ಲದ ಉಪಾಯವೊಂದು ಕೆಲಸ ಮಾಡುತ್ತಿರುವುದು ಚೆನ್ನವೀರಪ್ಪನವರಿಗೆ ಸಹಿಸಲಾಗಲಿಲ್ಲ. ಅದರ ಮೇಲೆ ಮುಂದಿನ ಭಾನುವಾರ ಹೆಂಗಸರ ಈಜು ಸ್ಪರ್ಧೆ. ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರು, ಟವೆಲ್ ಇಲ್ಲದೆ ನಿಲ್ಲಬೇಕು.

ಹೀಗಾಗಿಯೇ ಅವಳು ಒಪ್ಪಿದ್ದು. ಚೆನ್ನವೀರಪ್ಪ ಮೊದಲು ಒಂದು ನೆಗ್ಗಿದ ತಂಬಿಗೆಯನ್ನು ಯಂತ್ರದ ಮುಂದಿಟ್ಟರು. ಕೂಂಂಂ ಎಂದಿತು. ತಂಬಿಗೆ ಆಗತಾನೆ ಅಂಗಡಿಯಿಂದ ತಂದಂತೆ ನೆಟ್ಟಗಾಯಿತು! ಆಮೇಲೆ ಹೊದಿಕೆಯೊಂದನ್ನು ಅಡ್ಡ ಕಟ್ಟಿ, ಗಂಡನ ಮುಖ ಗೋಡೆಯತ್ತ ತಿರುಗಿಸಿ, ದಾಕ್ಷಾಯಣಿ ಮಂಚದ ಮೇಲೆ ಮಲಗಿದಳು.

ಕೂಂಂಂ... ಟಂಯ್!

ಎದ್ದು ನೋಡಿಕೊಂಡರೆ ತೊಡೆಗಳು ಬೆಣ್ಣೆ ಮುದ್ದೆಯಂತೆ ನುಣ್ಣಗಾಗಿದ್ದವು. ಒಂದು ಗುಳಿಯೂ ಇಲ್ಲ! ದಾಕ್ಷಾಯಣಿ ಖುಷಿಯಿಂದ ಗಂಡನಿಗೆ ಬಿಸಿ ದೋಸೆ ಹಾಕಿ ಕೊಡೋಣವೆಂದು ಅಡುಗೆಮನೆಗೆ ಓಡಿದಳು. ಅಲ್ಲಿಂದ ಕೂಗೊಂದು ಕೇಳಿಬಂತು.

"ರೀ! ನನ್ನ ದ್ವಾಸಿ ಹಂಚು!"

ಅವ್ವ ಕೊಟ್ಟಿದ್ದ, ಎಣ್ಣೆ ಕುಡಿದು ಕುಡಿದು ಕನ್ನಡಿಯಂತಾಗಿದ್ದ ಸಪಾಟು ಹಂಚಿನ ಮೈಯೆಲ್ಲ ಗುಳಿ. ಪಕ್ಕಾ ಪಡ್ಡಿನ ಹಂಚು!

"ಗುಳಿ ಎಲ್ಲಿ ಹೋಗ್ಯಾವ ಅಂತ ಈಗ ಗೊತ್ತಾತು," ಎಂದಳು ದಾಕ್ಷಾಯಣಿ.

"ಏ, ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಿಮ್ಮ ತಲೀ ಒಮ್ಮೆ ಮುಟ್ಟಿ ನೋಡ್ಕೋರಿ."

ಚೆನ್ನವೀರಪ್ಪ ತಮ್ಮ ಬೋಳುತಲೆ ಸವರಿಕೊಂಡರು. ಬೆರಳು ಒಂದು ಗುಳಿಗಿಳಿದು ಇನ್ನೊಂದು ಗುಳಿಯಲ್ಲಿ ಎದ್ದಿತು. ಬೇರೆ ಯಾರಾದರೂ ಅತ್ತುಬಿಡುತ್ತಿದ್ದರು. ಇವರು ಕುಣಿದರು!

"ಹೊಸಾ ನಿಯಮ! ಗುಳಿಗೆ ಸಾವಿಲ್ಲ! ಬರೇ ವರ್ಗಾವಣಿ ಆಗ್ತಾವ!"

"ವರ್ಗಾವಣಿ ಆಗಾಕ ಅವೇನು ಸರಕಾರಿ ನೌಕರದಾರರೇನ್ರಿ?"

ಬೈದಳೇನೋ ಹೌದು. ಆದರೆ ಅದೇ ಹಂಚಿನಲ್ಲಿ ಪಡ್ಡು ಹಾಕಿದಾಗ ಅವು ಹೂವಿನಂತೆ ಎದ್ದವು. ದಾಕ್ಷಾಯಣಿ ತಟ್ಟೆ ತುಂಬ ತಿಂದಳು. ಇನ್ನೇನು ಭಯ? ಮನೆಯಲ್ಲೇ ಯಂತ್ರವಿದೆಯಲ್ಲ! ಮರುದಿನ ನಡಿಗೆ ತಪ್ಪಿತು, ಅದರ ಮರುದಿನ ಬಸ್ಕಿ. ಪುಂಡಿಪಲ್ಯದ ಜಾಗಕ್ಕೆ ಗಿರ್ಮಿಟ್ಟು ಬಂತು, ಗಿರ್ಮಿಟ್ಟಿನ ಕೈ ಹಿಡಿದು ಮಿರ್ಚಿ ಭಜಿ ಬಂತು.

ಈಜುಕೊಳಕ್ಕೆ ಅವಳು ಟವೆಲ್ ಹೆಗಲ ಮೇಲೆ ಹಾಕಿಕೊಂಡು, ದಿಗ್ವಿಜಯ ಮುಗಿಸಿದ ರಾಣಿಯಂತೆ ನಡೆದಳು. ಪ್ರಮೀಳಾ ಟೀಚರು ಬಾಯಿ ತೆರೆದವರು ಮುಚ್ಚಲಿಲ್ಲ. ಅಂದು ಮಧ್ಯಾಹ್ನ, ಮುಖದ ತುಂಬ ಸೆರಗು ಎಳೆದುಕೊಂಡ ಒಂದು ಆಕೃತಿ ಬಳಿಗಾರರ ಹಿತ್ತಿಲ ಬಾಗಿಲು ತಟ್ಟಿತು.

"ಯಾರಿಗೂ ಹೇಳಬ್ಯಾಡ್ರಿ," ಎಂದರು ಟೀಚರು. "ನನಗೂ ಅದಾವ್ರಿ. ನಿಮಗಿಂತ ಜಾಸ್ತಿ."

ಯಾರಿಗೂ ಹೇಳದ ಸುದ್ದಿ ಬೀಡಿ ಅಂಗಡಿಯ ಹರಟೆಗಿಂತ ಬೇಗ ಊರು ಸುತ್ತುತ್ತದೆ. ಮರುದಿನ ಹಿತ್ತಿಲಲ್ಲಿ ಹೆಂಗಸರ ಪಾಳಿ! ಯಂತ್ರ ಕೂಂ ಎನ್ನುತ್ತ ಒಬ್ಬೊಬ್ಬರನ್ನೇ ನುಣ್ಣಗೆ ಮಾಡಿತು. ಅವರ ಗುಳಿಗಳು ಬಳಿಗಾರರ ತಿಜೋರಿಯ ಮೇಲೆ ಬಿದ್ದವು, ಟಿವಿಯ ಮೇಲೆ ಬಿದ್ದವು, ಕೇರಂ ಬೋರ್ಡಿನ ನಡುಮಧ್ಯೆ ಬಿದ್ದು ಆಟಕ್ಕೆ ಹೊಸ ಕುಣಿಗಳನ್ನು ಕೊಟ್ಟವು. ಪ್ರಮೀಳಾ ಟೀಚರ ಯಜಮಾನರ ಹೊಸ ಕಾರಿಗೆ ಮೈಲಿಬೇನೆ ಎದ್ದಂತಾಯಿತು. ದಾರಿಯಲ್ಲಿ ಹೊರಟಿದ್ದ ಗೌಳಿಗರ ಎಮ್ಮೆಯೊಂದು ಮೈಯೆಲ್ಲ ಗುಳಿಯಾಗಿ, ತನ್ನನ್ನೇ ತಾನು ನೋಡಿಕೊಂಡು ಬೆದರಿ ಓಡಿತು!

"ಸಾಕು ನಿಲ್ಲಸ್ರಿ! ಮನ್ಯಾಗ ಸಪಾಟ ಅನ್ನೂದು ಒಂದೂ ಉಳಿದಿಲ್ಲ!" ಎಂದಳು ದಾಕ್ಷಾಯಣಿ.

"ಅದಕ್ಕೂ ಉಪಾಯ ಐತಿ," ಎಂದ ಚೆನ್ನವೀರಪ್ಪ, ಯಂತ್ರದ ಹಿಂದಿನ ಕೊಳವೆಯನ್ನು ಕಿಟಕಿಯಾಚೆ ರಸ್ತೆಗೆ ತಿರುಗಿಸಿಟ್ಟರು. ಗುಳಿಗಳೆಲ್ಲ ಆ ಕೊಳವೆಯಿಂದಲೇ ಹೊರಬೀಳುತ್ತವೆಂದು ಅಷ್ಟರಲ್ಲಿ ಅವರು ಕಂಡುಕೊಂಡಿದ್ದರು.

ಮನೆಯೇನೋ ಉಳಿಯಿತು. ರಸ್ತೆ ಮುಗಿಯಿತು! ಹೊಸದಾಗಿ ಡಾಂಬರು ಹಾಕಿದ್ದ ಕಾಲೊನಿ ರಸ್ತೆಯಲ್ಲಿ ಶನಿವಾರದ ಹೊತ್ತಿಗೆ ಆಟೋದವರು ಬರಲು ಒಲ್ಲೆ ಎಂದರು. ವಾರ್ಡಿನಿಂದ ಆರಿಸಿಬಂದ ನಗರಸೇವಕ ಬಸಲಿಂಗಪ್ಪ ತಡಸದ ಅವರು ನೋಡಲು ಬಂದು, ಸ್ಕೂಟರ್ ಸಮೇತ ಒಂದು ಗುಳಿಯೊಳಗೆ ಇಳಿದು, ಟೊಪ್ಪಿಗೆಯಿಲ್ಲದೆ ಮೇಲೆದ್ದರು.

"ಮಳಿಗೆ ಕೆಟ್ಟ ರಸ್ತೆ ನೋಡೀನಿ, ಲಾರಿಗೆ ಕೆಟ್ಟ ರಸ್ತೆ ನೋಡೀನಿ," ಎಂದು ಅವರು ಹಣೆ ಹಣೆ ಬಡಿದುಕೊಂಡರು. "ತೊಡಿಗೆ ಕೆಟ್ಟ ರಸ್ತೆ ಇದ ಮೊದಲು! ನಾಳೆ ಮುಂಜಾನೆ ದೊಡ್ಡವರು ಬಂದು ಇದನ್ನ ಉದ್ಘಾಟನಾ ಮಾಡೂರದಾರ. ನಾ ಏನು ಹೇಳ್ಲಿ ಅವರಿಗೆ?"

"ಕಾಳಜಿ ಬಿಡ್ರಿ ಸಾಹೇಬರ," ಎಂದರು ಚೆನ್ನವೀರಪ್ಪ. "ಹೆಂಗ ಬಂದಾವ, ಹಂಗ ತಗೀತೀನಿ!"

ಭಾನುವಾರ ಬೆಳಗ್ಗೆ ದಾಕ್ಷಾಯಣಿ ಸ್ನಾನ ಮಾಡುವಾಗ ನೋಡಿಕೊಂಡಳು. ಗುಳಿಗಳು ಮತ್ತೆ ಬಂದಿದ್ದವು! ಹಳೆಯವು ಹೋದದ್ದು ನಿಜ. ಆದರೆ ಮಿರ್ಚಿ ಭಜಿ ಹೊಸವನ್ನು ಕರೆತಂದಿತ್ತು, ಅವುಗಳ ಬೀಗರನ್ನೂ ಜೊತೆಗೆ.

"ಅದಕ್ಯಾಕ ಸಪ್ಪಗಾಗ್ತಿ? ಬಾ, ಒಂದ ನಿಮಿಷದ ಕೆಲಸ!" ಚೆನ್ನವೀರಪ್ಪ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟೇ ನಿಂತಿದ್ದರು.

ದಾಕ್ಷಾಯಣಿ ಯಂತ್ರವನ್ನು ನೋಡಿದಳು. ಟೋಪಿಯೊಳಗೆ ಬಚ್ಚಿಟ್ಟುಕೊಂಡಿದ್ದ ಗಂಡನ ತಲೆಯನ್ನು ನೋಡಿದಳು. ಕಿಟಕಿಯಾಚೆ, ಗುಳಿಗಳ ನಡುವೆ ಸೈಕಲ್ಲನ್ನು ಎತ್ತಿಕೊಂಡು ದಾಟುತ್ತಿದ್ದ ಹಾಲಿನವನನ್ನು ನೋಡಿದಳು.

"ಬ್ಯಾಡ," ಎಂದಳು. "ನನ್ನ ತೊಡಿ, ನನ್ನ ಗುಳಿ. ಇನ್ನೊಬ್ಬರಿಗೆ ಯಾಕ ಹೇರೂದು? ನಾ ಹೊಂಟೆ."

ಈಜುಕೊಳದ ಕಟ್ಟೆಯ ಮೇಲೆ ಟವೆಲ್ ತೆಗೆದಿಟ್ಟು ನಿಂತಳು. ಪಕ್ಕದ ಸಾಲಿನಲ್ಲಿ ಪ್ರಮೀಳಾ ಟೀಚರು ಕಣ್ಣು ಕೆಳಗಿಳಿಸಿ ಮೆಲ್ಲಗೆ ಕೇಳಿದರು, "ಮತ್ತ ಬಂದಾವೇನ್ರಿ?"

"ಬಂದಾವ. ನಿಮ್ಮವು?"

ಟೀಚರು ತಮ್ಮ ಟವೆಲ್ಲನ್ನು ಇನ್ನಷ್ಟು ಬಿಗಿ ಹಿಡಿದರು. ಆಮೇಲೆ ಏನೆನ್ನಿಸಿತೋ, ಅದನ್ನು ತೆಗೆದು ಎಸೆದರು. ಅವರವೂ ಬಂದಿದ್ದವು! ಅತ್ತ ನೋಡಿದರೆ, ಯಂತ್ರ ನಂಬಿ ಎಲ್ಲರೂ ಭಜಿ ತಿಂದಿರಬೇಕು, ಸಾಲಿನಲ್ಲಿ ನಿಂತ ಯಾರ ತೊಡೆಯೂ ಸಪಾಟಿರಲಿಲ್ಲ. ಒಬ್ಬರನ್ನೊಬ್ಬರು ನೋಡಿ ಹೆಂಗಸರೆಲ್ಲ ಕಿಸಕ್ಕೆಂದರು. ಅಷ್ಟರಲ್ಲಿ ಸ್ಪರ್ಧೆ ನಡೆಸುವವರು ಸೀಟಿ ಊದಿದರು.

ಅದೇ ಹೊತ್ತಿಗೆ ಕಾಲೊನಿಯಲ್ಲಿ ಚೆನ್ನವೀರಪ್ಪನವರು ತಳ್ಳುಗಾಡಿಯ ಮೇಲೆ ಯಂತ್ರವಿಟ್ಟು, ಅದರ ಬಾಯನ್ನು ರಸ್ತೆಗೆ ಹಿಡಿದು ಗುಂಡಿ ಒತ್ತಿದ್ದರು. ರಸ್ತೆಯ ಗುಳಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹಿಂದಿನ ಕೊಳವೆ ಎತ್ತ ನೋಡುತ್ತಿದೆಯೆಂದು ಅವರು ನೋಡಲಿಲ್ಲ. ಅದು ನೆಟ್ಟಗೆ ಈಜುಕೊಳದ ಕಡೆ ನೋಡುತ್ತಿತ್ತು.

ದಾಕ್ಷಾಯಣಿ ಅರ್ಧ ಕೊಳ ದಾಟಿದ್ದಳು. ಮುಂದಕ್ಕೆ ಚಾಚಿದ ಕೈಗೆ ನೀರೇ ಸಿಗಲಿಲ್ಲ! ಕಣ್ಣರಳಿಸಿ ನೋಡಿದರೆ ನೀರಿನಲ್ಲಿ ಗುಳಿ! ಸುತ್ತ ನೀರು ಗೋಡೆಯಂತೆ ನಿಂತಿದೆ, ನಡುವೆ ಬಾವಿಯಂತೆ ಖಾಲಿ, ಕೆಳಗೆ ನೆಲದ ನೀಲಿ ಟೈಲ್ಸು ಒಣಗಿ ಹೊಳೆಯುತ್ತಿದೆ. ಪಟಪಟನೆ ಅಲ್ಲೊಂದು, ಇಲ್ಲೊಂದು, ಕೊಳದ ತುಂಬ ಗುಳಿಗಳೆದ್ದವು. ಈಜುತ್ತಿದ್ದವರು ಕಿರುಚುತ್ತ ಹೊರಟಿದ್ದ ದಡಕ್ಕೇ ಮರಳಿದರು. ಸೀಟಿ ಊದಿದ್ದವರು ಕುರ್ಚಿಯ ಮೇಲೆ ಹತ್ತಿ ನಿಂತು, ಮತ್ತೂ ಜೋರಾಗಿ ಸೀಟಿ ಊದಿದರು.

ದಾಕ್ಷಾಯಣಿಗೆ ಮಾತ್ರ ಮಲಪ್ರಭೆಯ ಸುಳಿಗಳು ನೆನಪಾದವು. ಸುಳಿಯ ಜೊತೆ ಜಗಳಾಡಬಾರದು, ಅಂಚು ಹಿಡಿದು ಜಾರಬೇಕು. ಒಂದು ಗುಳಿಯ ಅಂಚು ಬಳಸಿದಳು, ಇನ್ನೊಂದನ್ನು ದಾಟಿದಳು. ಮೂರನೆಯದರ ತಳದಲ್ಲಿ ಪ್ರಮೀಳಾ ಟೀಚರು ಒಣಗಿದ ಕೂದಲಲ್ಲಿ ಕುಕ್ಕರಗಾಲಲ್ಲಿ ಕೂತು ಕೂಗುತ್ತಿದ್ದರು.

"ಯಾರರ ನೀರು ಹಾಕ್ರಿ! ನನಗ ಈಜಾಕ ನೀರಿಲ್ಲ!"

"ಕೈ ಕೊಡ್ರಿ ಟೀಚರ!" ಎಂದು ದಾಕ್ಷಾಯಣಿ ಎಡಗೈ ಇಳಿಬಿಟ್ಟು, ಅವರನ್ನು ಎಳೆದುಕೊಂಡು, ಬಲಗೈಯಿಂದ ನೀರು ಸೀಳಿ ಆಚೆ ದಡ ಮುಟ್ಟಿದಳು. ದಡ ಮುಟ್ಟಿದ ಮೊದಲ ಕೈ ಅವಳದೇ. ಎರಡನೆಯ ಕೈ ಅವಳು ಎಳೆದು ತಂದದ್ದು!

ಅಷ್ಟರಲ್ಲಿ ತಳ್ಳುಗಾಡಿ ಗಡಗಡನೆ ಒಳಗೆ ಬಂತು. ಮುಂದೆ ಚೆನ್ನವೀರಪ್ಪ, ಹಿಂದೆ ಕುಣಿಯುತ್ತ ಬಸಲಿಂಗಪ್ಪನವರು.

"ರಸ್ತೆ ಕನ್ನಡಿ ಆಗೇತಿ! ಕನ್ನಡಿ!"

"ಇಲ್ಲಿ ನೀರು ಜರಡಿ ಆಗೇತಿ!" ಎಂದು ಗುಡುಗಿದಳು ದಾಕ್ಷಾಯಣಿ. "ಬಾಯಿ ಇತ್ತಾಗ ಹಿಡೀರಿ. ಹಿಂದಿನ ಕೊಳವಿ ಮ್ಯಾಲ ಮಾಡ್ರಿ, ಆಕಾಶಕ್ಕ! ಅಲ್ಲೆ ಯಾರೂ ಇರಂಗಿಲ್ಲ!"

ಚೆನ್ನವೀರಪ್ಪನವರು ಹೆಂಡತಿಯ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಬಹುಶಃ ಅದೇ ಮೊದಲು. ಯಂತ್ರ ಕೂಂಂಂ ಎಂದಿತು, ಹೂಂಂಂ ಎಂದಿತು, ಹಾರ್ಮೋನಿಯಮ್ಮಿನ ತಿದಿ ಟರ್ರನೆ ಹರಿಯಿತು. ಕೊಳದ ನೀರು ಥಳ್ಳನೆ ಸಪಾಟಾಯಿತು. ಗುಳಿಗಳೆಲ್ಲ ಗುಂಯ್ ಎಂದು ಮೇಲೆ ಹೋದ ಸದ್ದು ಎಲ್ಲರಿಗೂ ಕೇಳಿಸಿತು. ಹರಿದ ತಿದಿಯಿಂದ ಸೋರಿದ ಎರಡು ಸಣ್ಣ ಗುಳಿಗಳು ಮಾತ್ರ ಬಸಲಿಂಗಪ್ಪನವರ ಎರಡು ಗಲ್ಲಕ್ಕೆ ಹೋಗಿ ಕೂತವು. ಅಂದಿನ ಉದ್ಘಾಟನೆಯ ಫೋಟೋದಲ್ಲಿ ಅವರು ನಕ್ಕದ್ದು ಎಷ್ಟು ಮುದ್ದಾಗಿ ಬಂತೆಂದರೆ, ದೊಡ್ಡವರನ್ನು ಯಾರೂ ನೋಡಲೇ ಇಲ್ಲ!

ಯಂತ್ರ ಗುಜರಿಗೆ ಹೋಯಿತು. ದಾಕ್ಷಾಯಣಿ ಮತ್ತೆ ಪುಂಡಿಪಲ್ಯಕ್ಕೂ ಬಸ್ಕಿಗೂ ಮರಳಿದಳು. ಈಗ ನಡಿಗೆಗೆ ಪ್ರಮೀಳಾ ಟೀಚರೂ ಜೊತೆ. ಗುಳಿಗಳು ಒಂದೀಟು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಈಜುಕೊಳದಲ್ಲಿ ಟವೆಲ್ ಮೈ ಒರೆಸಿಕೊಳ್ಳಲಷ್ಟೇ ಬಳಕೆಯಾಯಿತು.

ಹುಣ್ಣಿಮೆಯ ಸಂಜೆ ಮೂವರೂ ನಡೆದು ಬರುತ್ತಿದ್ದಾಗ ಮೂಡಣದಲ್ಲಿ ಚಂದ್ರ ಎದ್ದ. ಚೆನ್ನವೀರಪ್ಪ ಗಕ್ಕನೆ ನಿಂತರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಚಂದ್ರನ ಬಲಗಡೆ, ಹಿಂದಿನ ಹುಣ್ಣಿಮೆಯಲ್ಲಿ ಇಲ್ಲದ ಒಂದು ಹಿಂಡು ಗುಳಿ! ಅವುಗಳಲ್ಲಿ ಒಂದೆರಡು ಕಾಲೊನಿ ರಸ್ತೆಯವೆಂದು ಪ್ರಮೀಳಾ ಟೀಚರು ಕೂಡಲೇ ಗುರುತು ಹಿಡಿದರು.

"ಛೇ ಛೇ," ಎಂದು ಚೆನ್ನವೀರಪ್ಪ ಕೈ ಕೈ ಹಿಸುಕಿಕೊಂಡರು. "ಚಂದ್ರನ ಮಾರೀ ಕೆಡಿಸಿಬಿಟ್ಟೆ. ಮಂದಿ ಏನು ಅಂದಾರು?"

ದಾಕ್ಷಾಯಣಿ ನಡಿಗೆಯ ವೇಗ ಕಡಿಮೆ ಮಾಡಲಿಲ್ಲ.

"ಮೊದಲ ಅದಕ್ಕ ಮಾರೀ ತುಂಬ ಗುಳಿ ಇದ್ದೂವಲ್ರಿ. ಆದ್ರೂ ಹೆಣ್ಮಕ್ಕಳನ್ನ ಹೊಗಳೂಮುಂದ ಚಂದ್ರಮುಖಿ ಅಂತನ ಅಂತಾರ. ಬರ್ರಿ, ಇನ್ನ ಎರಡು ಸುತ್ತು ಬಾಕಿ ಐತಿ!"