ಸೊಪ್ಪಿನ ಶೆಡ್ಡಿನ ತಿಂಡಿ ಯಂತ್ರದವರ ಸನ್ನಿಧಿಗೆ

ಮಾನ್ಯ ತಿಂಡಿ ಯಂತ್ರ ಮಹಾಶಯರೇ,

ಸಾಲಿನಾಸ್ ಕಣಿವೆಯ ಲೆಟಿಸ್ ಸೊಪ್ಪಿನ ಪ್ಯಾಕಿಂಗ್ ಶೆಡ್ಡಿನಲ್ಲಿ, ಊಟದ ಕೋಣೆಯ ಮೂಲೆ ಹಿಡಿದು ನಿಂತಿರುವ ತಮ್ಮ ಪಾದಗಳಿಗೆ, ಪಾದಗಳೆಂಬುವು ಇದ್ದರೆ, ಇಪ್ಪತ್ತಮೂರು ವರ್ಷದ ನಯೇಲಿ ಬೌಟಿಸ್ಟಾಳ ಅನಂತ ನಮಸ್ಕಾರಗಳು. ತಾವು ಸೌಖ್ಯವೆಂದು ತಮ್ಮ ಗುಂಯ್‌ ಸದ್ದಿನಿಂದಲೇ ಬಲ್ಲೆ.

ನಾನು ಬೆಳಗಿನಿಂದ ಸಂಜೆಯವರೆಗೆ ಡಬ್ಬಿಗಳಿಗೆ ಸೊಪ್ಪು ತುಂಬುವವಳು. ಅದೇ ಡಬ್ಬಿ ಅಂಗಡಿ ಸೇರಿದ ಮೇಲೆ ಅದರ ಬೆಲೆ ಕೇಳಿ, ದೊಡ್ಡವರ ಸಹವಾಸ ನಮಗೇಕೆಂದು ಕೈಮುಗಿದು ಹಿಂದೆ ಸರಿಯುತ್ತೇನೆ. ತಾವಾದರೋ ಕರುಣಾಮಯಿಗಳು, ಎರಡು ಡಾಲರ್ ನುಂಗಿ, ಗುಂಡಿ ಒತ್ತಿದೊಡನೆ ಚಿಪ್ಸ್ ಚೀಲ ಉದುರಿಸಿ, ಇಪ್ಪತ್ತೇ ನಿಮಿಷದ ಬಿಡುವಿನಲ್ಲಿ ಹೊಟ್ಟೆ ತುಂಬಿಸಿ ಕಳಿಸುತ್ತೀರಿ. ಮೂರು ವರ್ಷದಲ್ಲಿ ನನ್ನನ್ನು ನಲವತ್ತು ಪೌಂಡು ಬೆಳೆಸಿದ್ದೀರಿ. ಹೆತ್ತಮ್ಮನೂ ಇಷ್ಟು ಮುತುವರ್ಜಿ ವಹಿಸಿರಲಿಲ್ಲ.

ಇಂಥ ನಮ್ಮಿಬ್ಬರ ನಡುವೆ ಹುಳಿ ಹಿಂಡಿದವರು ಚಿಕಿತ್ಸಾಲಯದ ನರ್ಸ್ ಒಫೇಲಿಯಾ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ, ತಿಂದದ್ದನ್ನೆಲ್ಲ ಬರೆದಿಡು ಎಂದಿದ್ದರು. ನಮ್ಮಲ್ಲಿ ಚಿಪ್ಸ್ ಚೀಲದ ಹೊಟ್ಟೆ ಸೀಳಿ, ಸೌತೆಕಾಯಿ ಹೆಚ್ಚಿ ಹಾಕಿ, ನಿಂಬೆ ಹಿಂಡಿ, ಖಾರ ಸುರಿದು ತಿನ್ನುವುದು ರೂಢಿ. ನಾನು ನಿಷ್ಠೆಯಿಂದ ದಿನವೂ ‘ಸೌತೆಕಾಯಿ ಸಲಾಡ್’ ಎಂದು ಬರೆದೆ.

“ಅಲ್ಲ ಕಣಮ್ಮಾ, ತಿಂಗಳೆಲ್ಲ ಸಲಾಡೇ ತಿಂದೋಳಿಗೆ ಸಕ್ಕರೆ ಹೆಂಗೆ ಏರ್ತು? ಯಾವುದ್ರಲ್ಲಿ ಹಾಕ್ಕೊಂಡು ತಿಂದೆ?” ಎಂದರು ನರ್ಸ್, ನಾನು ಬರೆದದ್ದನ್ನು ಓದಿ. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ, “ನಿಮ್ಮಮ್ಮನ ಕಾಲು ನೋಡಿದ್ದೀಯಲ್ಲ?” ಎಂದರು. ಅಮ್ಮನ ಬಲಗಾಲಿನಲ್ಲಿ ಈಗ ಮೂರೇ ಬೆರಳು. ನನಗೆ ಹೆದರಿಕೆಯಾಗುತ್ತದೆ, ಮಹಾಶಯರೇ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ತಮ್ಮ ಚಿಪ್ಸು ಒಮ್ಮೆಯಾದರೂ ಬಾಡಲಿ, ಕೊಳೆಯಲಿ, ಸೊಪ್ಪಿನಂತೆ ನಾಲ್ಕು ದಿನದಲ್ಲಿ ಸಾಯುವ ಮರ್ಯಾದೆ ಕಲಿಯಲಿ. ತಾವು ಹೊಲಕ್ಕಿಳಿದು, ಬೆನ್ನು ಬಗ್ಗಿಸಿ, ಒಂದೇ ಒಂದು ಸಾಲು ಲೆಟಿಸ್ ಕೊಯ್ಯುವಂತಾಗಲಿ. ಮುಂದಿನ ತಿಂಗಳ ರಕ್ತಪರೀಕ್ಷೆಗೆ ನನ್ನ ಬದಲು ತಾವೇ ತೋಳು ಚಾಚಿದರೆ ಇನ್ನೂ ಸಂತೋಷ, ಸೂಜಿಯನ್ನು ನಾನೇ ಹಿಡಿಯುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಕೃಪೆಯಿಂದ ದಿನೇದಿನೇ ದೊಡ್ಡವಳಾಗುತ್ತಿರುವ
ನಯೇಲಿ

ತಾ.ಕ.: ಈ ಪತ್ರವನ್ನು ತಮ್ಮ ಗಾಜಿಗೆ ಅಂಟಿಸಲು ಬಂದಾಗ, ವಾರಕ್ಕೊಮ್ಮೆ ತಮ್ಮನ್ನು ತುಂಬಿಸಿ ಹೋಗುವ ಎಲೆಯುತೇರಿಯೋ ಮಾಮ ತಮ್ಮ ಬಾಗಿಲು ತೆಗೆದಿದ್ದರು. ತಂಪು ಬಾಟಲಿಗಳ ಹಿಂದೆ, ಕೆಡದಿರಲೆಂದು ಇಟ್ಟ ಅವರ ಬುತ್ತಿ: ಮನೆಯಲ್ಲಿ ತಟ್ಟಿದ ಟೋರ್ಟಿಯಾ ರೊಟ್ಟಿ, ಬೇಯಿಸಿದ ಕಾಳು, ಪಾಪಾಸುಕಳ್ಳಿ ಎಲೆಯ ಪಲ್ಯ. “ಈ ಯಂತ್ರದಲ್ಲಿರೋದನ್ನ ನಾನು ತಿನ್ಲಾ? ನಂಗೇನು ಹುಚ್ಚೇನೇ ಮಗಳೇ! ಬಾ, ಅರ್ಧ ನೀನು ತಿನ್ನು” ಎಂದರು. ಕೊನೆಗೂ ತಮ್ಮ ಹೊಟ್ಟೆಯಲ್ಲಿ ಊಟವೆಂಬುದೊಂದಿತ್ತು, ಮಹಾಶಯರೇ. ಅದಕ್ಕೆ ಮಾತ್ರ ಒತ್ತಲು ಗುಂಡಿ ಇಟ್ಟಿರಲಿಲ್ಲ.