ಒಂದೂಮುಕ್ಕಾಲು ಕಿಲೋ ಹಾಸಿಗೆ

ಈ ಚಳಿಗಾಲ ಹಿಮದ ಬೆಟ್ಟ ಹತ್ತಿಯೇ ತೀರುತ್ತೇನೆ, ಅದೂ ಹೆಂಡತಿ ಸಮೇತ! ಹೀಗೆಂದು ನಾನು ಘನಘೋರ ಪ್ರತಿಜ್ಞೆ ಮಾಡಿದ್ದು ಎರಡು ಕಂಬಳಿ ಹೊದ್ದು, ಅಂಗಾಲಿಗೆ ಬಿಸಿನೀರಿನ ಚೀಲ ಒತ್ತಿಕೊಂಡು.

ನನ್ನವಳು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಮದುವೆಯಾದ ಹೊಸತರಲ್ಲಿ ಒಂದು ಗುಡ್ಡದ ಮೇಲೆ ನಾವಿಬ್ಬರೂ ಒಂದೇ ಶಾಲಿನಲ್ಲಿ ಬೆಳಗು ಮಾಡಿದ ಚರಿತ್ರೆಯಿದೆ. ಇಬ್ಬರೂ ಎಂದೆನೇ? ಶಾಲು ನನ್ನ ಮೇಲಿತ್ತು.

"ಈ ಸಲ ಹಾಗಾಗಲ್ಲ ಕಣೇ. ಬೆಚ್ಚಗಿರೋ, ಹಗುರವಾಗಿರೋ ಹಾಸಿಗೆ ತರ್ತೀನಿ."

"ಬೆಚ್ಚಗಿದೆ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ ರೀ. ತೋರಿಸಿ. ಆಮೇಲೆ ಬರೋ ಮಾತು."

ಅಂದಿನಿಂದ ನಾನು ವಿಜ್ಞಾನಿಯಾದೆ! ಅಂಗಡಿಯವನು ಬಾತುಕೋಳಿ ಪುಕ್ಕ ತುಂಬಿದ ಹಸಿರು ಮಲಗುವ ಚೀಲ ತೋರಿಸಿ, "ಇದರಷ್ಟು ಹಗುರ ಯಾವುದೂ ಇಲ್ಲ. ಆದ್ರೆ ನೆನೀಬಾರ್ದು" ಎಂದ.

"ಬಾತುಕೋಳಿ ದಿನವಿಡೀ ನೀರಲ್ಲೇ ಇರತ್ತಲ್ಲಪ್ಪಾ?" ಎಂದಳು ನನ್ನವಳು.

"ಅದು ಪುಕ್ಕದ ಜೊತೆ ಬಾತುಕೋಳೀನೂ ಇದ್ದಾಗ ಮೇಡಂ."

ಚಾಪೆ ಸಮೇತ ಇಬ್ಬರಿಗೂ ಒಂದೊಂದು ಸೆಟ್ ಕೊಂಡೆವು. ಒಂದು ಸೆಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಚೀಲ ಒಂದು ಕಿಲೋ, ಗಾಳಿ ತುಂಬುವ ಚಾಪೆ ಅರ್ಧ, ಒಳಹೊದಿಕೆ ಕಾಲು. ಒಟ್ಟು ಒಂದೂಮುಕ್ಕಾಲು! ಹಗುರದ ಹುಚ್ಚು ನೆತ್ತಿಗೇರಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದೆ.

"ರೀ, ಅದು ನಂದು!"

"ಭಾರ ಇಳೀತಲ್ಲೇ?"

"ನಿಮ್ಮ ಹೊಟ್ಟೆ ಇಳಿಸಿದ್ರೆ ಮನೆ ಮಂಚಾನೇ ಹೊತ್ಕೊಂಡು ಹೋಗ್ಬಹುದಿತ್ತು."

ಇನ್ನುಳಿದದ್ದು ಪರೀಕ್ಷೆ. ಅದಕ್ಕೆ ಹಿಮ ಎಲ್ಲಿಂದ ತರಲಿ ಎಂದು ನಾನು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ನಾನು ಗುಮಾಸ್ತನಾಗಿರುವುದೇ ಶೀತಲ ಗೋದಾಮಿನಲ್ಲಿ! ಮೀನು, ಬಟಾಣಿ ಇಡುವ ಒಳಕೋಣೆ ಮೈನಸ್ ಹದಿನೆಂಟು. ಅದರ ಮುಂದಿನ ಕೋಣೆ ಮೈನಸ್ ಐದು, ಥೇಟ್ ನಮ್ಮ ಬೆಟ್ಟದಷ್ಟೇ.

ಮಧ್ಯಾಹ್ನದ ಊಟ ಮುಗಿಸಿ ಮುಂದಿನ ಕೋಣೆಗೆ ನುಗ್ಗಿದೆ. ಸರಕು ಜೋಡಿಸುವ ಮರದ ಹಲಗೆಯೊಂದರ ಮೇಲೆ ಚಾಪೆ ಹಾಸಿ, ಎದುರಿಗೆ ಫೋನು ನಿಲ್ಲಿಸಿ, "ನೋಡೇ, ಸಾಕ್ಷಿ!" ಎಂದು ವಿಡಿಯೋ ಶುರು ಮಾಡಿ ಚೀಲ ಹೊಕ್ಕೆ. ದಾರ ಎಳೆದರೆ ಹೊರಗುಳಿದದ್ದು ಮೂಗೊಂದೇ. ಹತ್ತು ನಿಮಿಷ ಎಚ್ಚರವಾಗಿದ್ದು ಚಳಿಯನ್ನು ಅಧ್ಯಯನ ಮಾಡುವುದು ನನ್ನ ಯೋಜನೆ. ಆದರೆ ಹೊಟ್ಟೆ ತುಂಬಿತ್ತು, ಚೀಲ ಬೆಚ್ಚಗಿತ್ತು. ವಿಜ್ಞಾನಿ ಗೊರಕೆ ಹೊಡೆದ!

ಕಣ್ಣು ಬಿಟ್ಟು ಮೂಗಿನ ಕಿಂಡಿಯಿಂದ ಇಣುಕಿದರೆ ಚಾವಣಿಯ ದೀಪ ಮೂಗಿನಿಂದ ಮೂರೇ ಗೇಣು! ನಾನು ಹಲಗೆ ಸಮೇತ ಸರಕಿನ ಮೂರನೇ ಅಟ್ಟಣಿಗೆಯಲ್ಲಿದ್ದೆ. ಮೂಗಿನ ಪಕ್ಕದಲ್ಲೇ ಚೀಲಕ್ಕೆ ಅಂಟಿಸಿದ ಹಳದಿ ಚೀಟಿ. ಜಿಪ್ ಜಪ್ಪಯ್ಯ ಅಂದರೂ ಜಗ್ಗಲೊಲ್ಲದು. ಕೆಳಗೆ ಫೋರ್ಕ್‌ಲಿಫ್ಟ್ ಎಂಬ ಸರಕು ಎತ್ತುವ ಗಾಡಿ ಓಡಿಸುವ ಅಕ್ಕ ಹಾಡು ಗುನುಗುತ್ತಾ ಹೋಗುತ್ತಿದ್ದಳು.

"ಅಕ್ಕಾ!"

ಗಾಡಿ ಗಕ್ಕನೆ ನಿಂತಿತು. "ಅಯ್ಯಯ್ಯೋ! ಬಟಾಣಿ ಮೂಟೆ ಮಾತಾಡ್ತಿದೆ!"

"ಬಟಾಣಿ ಅಲ್ಲ ಅಕ್ಕಾ, ನಾನು! ಗುಮಾಸ್ತ!"

"ನೀನಾ ತಮ್ಮಾ? ಹಸಿರು ಬಣ್ಣ ನೋಡಿ ಮೋಸ ಹೋದೆ. ಲೇಬಲ್ ಇಲ್ಲದ ಮಾಲು ಕಂಡ್ರೆ ಹಳದಿ ಚೀಟಿ ಅಂಟಿಸಿ ಮೂರನೇ ಅಟ್ಟಕ್ಕೇರಿಸಿ ಅಂತ ನೀನೇ ತಾನೇ ನಿಯಮ ಬರೆದಿದ್ದು?"

"ಸರಿ, ಈಗ ಇಳಿಸಕ್ಕಾ!"

"ಹೇಗಪ್ಪಾ ಇಳಿಸ್ಲಿ? ಹಳದಿ ಚೀಟಿ ಮಾಲನ್ನ ಮ್ಯಾನೇಜರ್ ಸಹಿ ಇಲ್ದೆ ಮುಟ್ಟಬಾರ್ದು. ಅದನ್ನೂ ನೀನೇ ಬರೆದಿದ್ದು. ಕೆಳಗೆ ದಪ್ಪಕ್ಷರದಲ್ಲಿ."

ಮ್ಯಾನೇಜರ್ ಬಂದರು. ತಲೆಯೆತ್ತಿ ನೋಡಿದರು.

"ಏನಮ್ಮಾ ಅದು?"

"ಗುಮಾಸ್ತ, ಸಾರ್."

"ಕೆಟ್ಟಿದೆಯಾ?"

"ಇಲ್ಲ ಸಾರ್. ಇನ್ನೂ ಬಿಸಿಬಿಸಿ ಇದೆ."

ಸಹಿ ಬಿತ್ತು, ನಾನು ಇಳಿದೆ. ಆ ಕೈ ಬಿಸಿಯಲ್ಲೇ ಅವರು ಇನ್ನೊಂದು ಕಾಗದಕ್ಕೂ ಸಹಿ ಹಾಕಿದರು: ಬೆಟ್ಟಕ್ಕೆಂದು ಕೇಳಿದ್ದ ಮೂರು ದಿನದ ರಜೆ ರದ್ದು. ಆ ಮೂರೂ ದಿನ ಒಳಕೋಣೆಯ ಸರಕನ್ನೆಲ್ಲ ನಾನೊಬ್ಬನೇ ಎಣಿಸಬೇಕು.

ಸಂಜೆ ನನ್ನವಳು ವಿಡಿಯೋ ನೋಡಿ ಸೋಫಾದಿಂದ ಜಾರಿ ಕೆಳಗೆ ಬಿದ್ದು ನಕ್ಕಳು. ಕಣ್ಣೊರೆಸಿಕೊಂಡು, ಚೀಲವನ್ನು ತಟ್ಟಿ ತಟ್ಟಿ ನೋಡಿ, "ಪಾಸ್! ಮೈನಸ್ ಐದರಲ್ಲಿ ಗೊರಕೆ ಹೊಡೆದಿದ್ದೀರಿ ಅಂದ್ರೆ ಇನ್ನೇನು ಬೇಕು? ನಾನು ಬರ್ತೀನಿ" ಎಂದಳು.

ಇಷ್ಟು ದಿನ ನಾನು ಬಯಸಿದ್ದು ಇದೊಂದೇ ಮಾತು! ಮೆಲ್ಲಗೆ ರಜೆಯ ಗತಿ ಹೇಳಿದೆ. ಅವಳು ಎರಡು ಕ್ಷಣ ಮರುಗಿದಳು. ಎರಡೇ.

"ಛೇ, ಪಾಪ. ಹೋಗ್ಲಿ ಬಿಡಿ, ಎರಡು ಚೀಲ ಇದೆಯಲ್ಲಾ? ತಂಗೀನ ಕರ್ಕೊಂಡು ಹೋಗ್ತೀನಿ."

ಇಂದು ಎಣಿಕೆಯ ಎರಡನೇ ದಿನ. ನಾಲ್ಕುನೂರ ಹನ್ನೆರಡನೇ ಬಟಾಣಿ ಮೂಟೆಯ ಬಳಿ ಫೋನು ಕುಂಯ್‌ಗುಟ್ಟಿತು. ಹಿಮದ ನಡುವೆ ಎರಡು ಚೀಲ, ಎರಡು ಮೂಗು. ಕೆಳಗೆ ಸಂದೇಶ: "ರೀ, ಇಲ್ಲಿ ಸೆಖೆ ತಡೆಯೋಕಾಗ್ತಿಲ್ಲ, ಜಿಪ್ ಅರ್ಧ ತೆಗೆದು ಮಲಗಿದ್ದೀವಿ. ಅಂತೂ ಮೊದಲ ಸಲ ನೀವು ಹೇಳಿದ್ದು ನಿಜವಾಯ್ತು!"

ಹೆಮ್ಮೆಯಿಂದ ಉತ್ತರ ಬರೆಯಲು ಹೋದೆ. ಬೆರಳು ಮರಗಟ್ಟಿ ಒಂದಕ್ಷರವೂ ಮೂಡಲಿಲ್ಲ. ಫೋನು ಜೇಬಿಗಿಟ್ಟು ತಿರುಗಿದರೆ, ಎಲ್ಲಿಯವರೆಗೆ ಎಣಿಸಿದ್ದೆನೋ ಆ ಸಾಲೇ ಮರೆತುಹೋಗಿತ್ತು. ಮತ್ತೆ ಮೊದಲ ಮೂಟೆಗೆ ಹೋಗಿ, ಹಲ್ಲು ಕಟಕಟಿಸುತ್ತಾ ಶುರು ಮಾಡಿದೆ: ಒ-ಒ-ಒಂದು...