ಮಾಣಿಗೆ ಬಡ್ತಿ

ರತ್ನಾವತಿ ಸುಳ್ಳು ಹೇಳಿದವಳಲ್ಲ. ಊರಿನಲ್ಲಿ ಯಾರದೋ ಉಪನಯನದ ಊಟಕ್ಕೆ ಕೂತಾಗ ಪಕ್ಕದವರು, "ನಿಮ್ಮ ಯಜಮಾನರು ಮದ್ರಾಸಲ್ಲಿ ಎಂಥ ಮಾಡುದು?" ಎಂದು ಕೇಳಿದರು. ಅವಳು, "ಹೋಟ್ಲಲ್ಲಿ. ಹೋಟ್ಲೆಲ್ಲ ಅವರೇ ನೋಡಿಕೊಳ್ಳುದು" ಎಂದಳು, ಅಷ್ಟೆ. ಅದು ನಿಜವೂ ಹೌದು. ಮೈಲಾಪೂರಿನ ವಾಸುದೇವ ರಾಯರ ಹೋಟೆಲಿನಲ್ಲಿ ಯಾವ ಮೇಜಿಗೆ ಏನು ಬೇಕು, ಯಾರ ಕಾಫಿಗೆ ಸಕ್ಕರೆ ಬೇಡ, ಯಾರ ಸಾಂಬಾರು ಬಿಸಿ ಸಾಲದು ಎಂಬುದನ್ನೆಲ್ಲ ಸದಾನಂದ ಹೊಳ್ಳನೇ ನೋಡಿಕೊಳ್ಳುತ್ತಿದ್ದ. ಆದರೆ ಪಾಯಸ ಬರುವ ಹೊತ್ತಿಗೆ ಆ ಮಾತು 'ಮೇನೇಜರು' ಎಂದಾಗಿತ್ತು. ಮಜ್ಜಿಗೆ ಬರುವಷ್ಟರಲ್ಲಿ ಗಂಡಸರ ಪಂಕ್ತಿ ದಾಟಿ ಸೀತಾರಾಮ ಐತಾಳರ ಕಿವಿಗೂ ಬಿತ್ತು.

ಐತಾಳರಿಗೆ ಮದುವೆಯ ವಯಸ್ಸಿನ ಮಗನಿದ್ದ, ಮುರಳೀಧರ. ಸದಾನಂದನಿಗೆ ಮಗಳಿದ್ದಳು, ಸುಗುಣಾ. ಜಾತಕ ಕೂಡಿಬಂತು. ಸುಗುಣಾಳಿಗೆ ಹಿಂದೆ ಬಂದಿದ್ದ ಎರಡು ಸಂಬಂಧ 'ಹುಡುಗಿಯ ಅಪ್ಪ ಹೋಟೆಲ್ ಮಾಣಿಯಂತೆ' ಎಂಬ ಒಂದೇ ಕಾರಣಕ್ಕೆ ಮುರಿದುಬಿದ್ದಿದ್ದವು. ಹಾಗಾಗಿ ಈ ಸಲ ರತ್ನಾವತಿ ಮೇನೇಜರನ್ನು ತಿದ್ದಲು ಹೋಗಲಿಲ್ಲ. ಮದ್ರಾಸು ದೂರ, ನೋಡಲು ಯಾರು ಬರುತ್ತಾರೆ ಎಂದು ಸದಾನಂದನೂ ಸುಮ್ಮನಿದ್ದ. ಐತಾಳರಿಗೆ ರಾಮೇಶ್ವರ ಯಾತ್ರೆಯ ಹರಕೆ ಇದೆ, ದಾರಿಯಲ್ಲಿ ಮದ್ರಾಸು ಸಿಗುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಮಂಗಳೂರು ಮೇಲ್ ರೈಲಲ್ಲಿ ನಿನ್ನ ಬೀಗರಾಗುವವರು ಇಳೀತಾರೆ. ಮಗನೂ ಉಂಟು. ನೇರ ನಿನ್ನ ಹೋಟ್ಲಿಗೇ ಅಂತೆ" ಎಂದು ಊರಿಂದ ಬಂದ ಒಬ್ಬರು ಕಾಫಿ ಕುಡಿಯುತ್ತಾ ಹೇಳಿ ಹೋದರು.

ಸದಾನಂದನಿಗೆ ನಲವತ್ತನಾಲ್ಕು ವರ್ಷ. ಮಾಣಿಯೆಂದರೆ ಊರಿನಲ್ಲಿ ಸಣ್ಣ ಹುಡುಗ, ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. ಅವನು ಹೋಟೆಲಿಗೆ ಸೇರುವಾಗ ಎರಡೂ ಆಗಿದ್ದ. ಈಗ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ, ಸಂಜೆಯಾದರೆ ಮೊಣಕಾಲು ಬಾತುಕೊಳ್ಳುತ್ತದೆ, ಆದರೂ ಮಾಣಿಯೇ. ಧಣಿ ವಾಸುದೇವ ರಾಯರು ದಿನವಿಡೀ "ಮಾಣಿ" ಎಂದು ಕೂಗುವುದನ್ನು ಕೇಳಿದ ಮೈಲಾಪೂರಿನ ಗಿರಾಕಿಗಳು ಅದು ಅವನ ಹೆಸರೆಂದೇ ತಿಳಿದಿದ್ದರು. ತಮಿಳರಲ್ಲಿ ಬೀದಿಗಿಬ್ಬರು ಮಣಿಗಳಿರುತ್ತಾರೆ, ಹೋಟೆಲಿನಲ್ಲೂ ಒಬ್ಬನಿದ್ದಾನೆ ಎಂದುಕೊಂಡರು. "ಮಣಿ, ರೆಂಡು ಇಡ್ಲಿ" ಎಂದರೆ ಸದಾನಂದ ಓಡುತ್ತಿದ್ದ. ತಿದ್ದಿ ಹೇಳಲು ಅವನಿಗೆ ಬಿಡುವೂ ಇರಲಿಲ್ಲ, ಈಚೆಗೆ ಮನಸ್ಸೂ ಇರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಆಸೆ. ಬಾಗಿಲ ಪಕ್ಕದ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕುರ್ಚಿ. ಗಲ್ಲಾದಲ್ಲಿದ್ದ ಮುದುಕರು ಊರಿಗೆ ಹೋದವರು ಮರಳಿ ಬರಲಿಲ್ಲ. ಅಂದಿನಿಂದ ಧಣಿಯೇ ಅಲ್ಲಿ ಕೂರುತ್ತಿದ್ದರು. ಸದಾನಂದ ಧೈರ್ಯ ಮಾಡಿ ಕೇಳಿಯೂ ಇದ್ದ.

"ನೀನು ಇಲ್ಲಿ ಕೂತ್ರೆ ಮೇಜಿಗೆ ಯಾರು?" ಎಂದಿದ್ದರು ಧಣಿ. "ನಿನ್ನಂಥ ಸಪ್ಲಾಯರ್ ಮದ್ರಾಸಲ್ಲಿ ಇನ್ನೊಬ್ಬ ಸಿಕ್ಕಲಿಕ್ಕಿಲ್ಲ. ಗಲ್ಲಾಕ್ಕೆ ಯಾರಾದ್ರೂ ಸಿಗ್ತಾರೆ."

ಹೊಗಳಿಕೆಯೇ ಅದು. ಸದಾನಂದ ಅದನ್ನು ಅಡುಗೆಮನೆಯ ತನಕ ಹೊತ್ತುಕೊಂಡು ಹೋದ ಮೇಲೆ, ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಎಂದು ಅವನಿಗೆ ತಿಳಿಯಿತು. ತಿಳಿಯುವಾಗ ತಡವಾಗಿತ್ತು. ಕೆಟ್ಟದಾಗಿ ಕೆಲಸ ಮಾಡಲು ಅವನಿಗೆ ಬರುತ್ತಲೂ ಇರಲಿಲ್ಲ.

ಆದರೆ ಮರುದಿನ ಬೆಳಿಗ್ಗೆ ಅದೃಷ್ಟ ಸ್ವಲ್ಪ ತಿರುಗಿದಂತೆ ಕಂಡಿತು. ಧಣಿಗೆ ವೆಸ್ಟ್ ಮಾಂಬಲಂನಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಸದಾನಂದ ಅವರ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದ. ಧಣಿ ಶಲ್ಯ ಸರಿಮಾಡಿಕೊಳ್ಳುತ್ತಾ, "ಮಗಳ ಮದುವೆ ಅಂತೀಯ. ಆಯ್ತು, ನಾನು ಬರುವ ತನಕ ಕೂತ್ಕೋ. ಆದ್ರೆ ನಾನು ಬಂದ ಮೇಲೆ ಅಲ್ಲಿ ಕಾಣಬಾರ್ದು" ಎಂದು ಹೊರಟರು.

ಅಡುಗೆಯ ಕಿಟ್ಟಣ್ಣನಿಗೆ ಅಷ್ಟು ಸಾಕಾಯಿತು. ಕಿಟ್ಟಣ್ಣ ಪರರ ಕೆಲಸಕ್ಕೆ ಕೈಹಾಕಿದರೆ ದೋಸೆ ಕಾವಲಿಯ ಮೇಲೆ ಕರಟಿದರೂ ನೋಡುವವನಲ್ಲ.

"ಈ ಬನಿಯನಲ್ಲಿ ಎಂಥ ಮೇನೇಜರು ಮಾರಾಯ? ಕೋಟು ಬೇಕು" ಎಂದವನು ಹಿತ್ತಿಲ ಬಾಗಿಲಿನಿಂದ ಪಕ್ಕದ ದೋಭಿಯ ಮನೆಗೆ ಹೋಗಿ, ಇಸ್ತ್ರಿಯಾದ ಒಂದು ಕರಿ ಕೋಟು ತಂದ. "ಯಾರದ್ದೆಂದು ಕೇಳ್ಬೇಡ. ಮಧ್ಯಾಹ್ನಕ್ಕೆ ವಾಪಸು ಕೊಟ್ರಾಯ್ತು."

"ತೋಳು ಗಿಡ್ಡ ಉಂಟಲ್ಲ ಕಿಟ್ಟಣ್ಣ."

"ಕೈ ಮೇಜಿನ ಅಡಿಗೆ ಇಟ್ಕೋ. ಮೇನೇಜರು ಕೈ ತೋರಿಸುದು ಎಂಥಕ್ಕೆ?"

ಇನ್ನೊಬ್ಬ ಸಪ್ಲಾಯರ್ ಶೀನ ಸದಾನಂದನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವನು ಸದಾನಂದನ ಹೆಗಲಿನಿಂದ ಮೇಜೊರೆಸುವ ಬಟ್ಟೆಯನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. "ಹೋಗು ಸದಾನಂದಣ್ಣ, ಕೂತ್ಕೋ. ಎಲ್ಲ ಮೇಜು ನಾನು ನೋಡ್ಕೊಳ್ತೇನೆ" ಎಂದ.

ಸದಾನಂದ ಕೂತ. ಬಾಗಿಲಿನ ಗಾಳಿ ನೇರವಾಗಿ ಅಲ್ಲಿಗೇ ಬರುತ್ತದೆಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕಾಲುಗಳಿಗೆ ಮಾತ್ರ ನಂಬಿಕೆ ಬರಲಿಲ್ಲ. ಯಾರಾದರೂ ಲೋಟ ಕೆಳಗಿಟ್ಟ ಸದ್ದಾದರೆ ಸಾಕು, ಅವು ಮೇಜಿನ ಅಡಿಯಲ್ಲಿ ಹೊರಡಲು ತಯಾರಾಗುತ್ತಿದ್ದವು.

ಐತಾಳರು ಬಂದರು. ಎತ್ತರದ ಆಳು, ಜರಿಯಂಚಿನ ಶಾಲು, ಮುಖದಲ್ಲಿ ರೈಲಿನ ಹೊಗೆ. ಹಿಂದೆ ಟ್ರಂಕು ಹಿಡಿದ ಮುರಳೀಧರ. ಮಾತು ಕಡಿಮೆ, ನೋಟ ನೆಲದ ಮೇಲೆ. ಸದಾನಂದ ಕೈಗಳನ್ನು ಮೇಜಿನ ಅಡಿಯಲ್ಲೇ ಇಟ್ಟುಕೊಂಡು ನಕ್ಕ.

"ಬನ್ನಿ ಐತಾಳರೇ. ಪ್ರಯಾಣ ಸುಖವಾಯ್ತಾ?"

"ಸುಖ ಎಂಥದ್ದು ಹೊಳ್ಳರೇ, ಇಡೀ ರಾತ್ರಿ ಕೂತೇ ಬಂದೆವು" ಎಂದು ಐತಾಳರು ಗಲ್ಲಾಕ್ಕೆ ಹತ್ತಿರದ ಮೇಜಿಗೇ ಕೂತರು. ಹೋಟೆಲನ್ನು ಮಾಡಿನಿಂದ ನೆಲದ ತನಕ ನೋಡಿದರು. "ದೊಡ್ಡದೇ ಉಂಟು. ಇಷ್ಟೂ ನೀವೇ ನೋಡಿಕೊಳ್ಳುದಾ?"

"ಏನೋ, ಆಗುವಷ್ಟು."

ಅಷ್ಟರಲ್ಲಿ ವಕೀಲರ ಗುಮಾಸ್ತ ರಾಘವಾಚಾರಿ ಒಳಗೆ ಬಂದರು. ಅವರು ದಿನಕ್ಕೆ ಮೂರು ಸಲ ಕಾಫಿಗೆ ಬರುವವರು. ಗಲ್ಲಾದಲ್ಲಿ ಕೂತವನನ್ನು ನೋಡಿ ನಿಂತರು. "ಎನ್ನಪ್ಪಾ ಮಣಿ, ನೀ ಇಂಗೆ?" ಎಂದು ಅವನು ಅಲ್ಲಿರುವುದಕ್ಕೆ ಬೆರಗಾದರು. ಆಮೇಲೆ ಅವರ ಕಣ್ಣು ಮುಖದಿಂದ ಕೋಟಿಗೆ ಇಳಿದು, ಎದೆಯ ಜೇಬಿನ ಶಾಯಿಯ ಕಲೆಯ ಮೇಲೆ ನಿಂತಿತು. "ಎನ್ ಕೋಟ್ಟು ಮಾದಿರಿ ಇರುಕ್ಕೇ."

ತಮ್ಮ ಕೋಟಿನ ಹಾಗೇ ಇದೆಯಲ್ಲ ಎಂದು ಅವರು ಅಂದದ್ದು. ಸದಾನಂದ ಮೇಜಿನ ಅಡಿಯಲ್ಲೇ ಕೈಮುಗಿದು, ಕಣ್ಣಲ್ಲೇ ಬೇಡಿಕೊಂಡ. ರಾಘವಾಚಾರಿ ಇಷ್ಟು ವರ್ಷ ಅವನ ಕೈಯಿಂದ ಕಾಫಿ ಕುಡಿದವರು; ಏನೋ ಕಷ್ಟವಿದೆಯೆಂದು ತಿಳಿದು ಸುಮ್ಮನೆ ಒಳಗೆ ಹೋಗಿ, ಕೋಟು ಕಾಣುವ ಕಡೆಗೆ ಮುಖಮಾಡಿ ಕೂತರು.

"ಅವರು ಎಂಥ ಹೇಳಿದ್ದು? ಮಣಿ ಅಂದ್ರೆ ಯಾರು?" ಎಂದು ಐತಾಳರು ಕೇಳಿದರು.

"ನಾನೇ. ಇಲ್ಲಿಯವರು ಗೌರವಕ್ಕೆ ಹಾಗೆ ಕರೆಯುದು. ಮಣಿ ಅಂದ್ರೆ ರತ್ನ ಅಲ್ವಾ."

"ಹೆಂಡತಿ ರತ್ನಾವತಿ, ಗಂಡ ಮಣಿ. ಒಳ್ಳೇದಾಯ್ತು" ಎಂದು ಐತಾಳರು ಮಗನ ಕಡೆ ನೋಡಿ ತಲೆಯಾಡಿಸಿದರು.

ಜನ ತುಂಬತೊಡಗಿತು. ಶೀನ ಒಬ್ಬನೇ ಇಬ್ಬರ ಕೆಲಸ ಮಾಡುತ್ತಿದ್ದ. ಬೀಗರ ಮೇಜಿಗೆ ಇನ್ನೂ ನೀರು ಬಂದಿರಲಿಲ್ಲ. ಸದಾನಂದ ಕಾದ. ಐತಾಳರು ಬೆರಳಿನಿಂದ ಮೇಜು ತಟ್ಟಿದರು. ಆಗ ಹೋಟೆಲಿನಲ್ಲಿ ಒಂದು ಕೂಗು ಕೇಳಿತು:

"ಏ ಮಾಣಿ, ಕಿವಿ ಕೇಳುದಿಲ್ವಾ ನಿಂಗೆ? ಎಷ್ಟು ಹೊತ್ತು?"

ಧಣಿಯದೇ ಮಾತು, ಧಣಿಯದೇ ರಾಗ. ಆದರೆ ಧಣಿ ವೆಸ್ಟ್ ಮಾಂಬಲಂನಲ್ಲಿದ್ದರು. ಕೂಗಿದ್ದು ತಾನೇ ಎಂದು ಸದಾನಂದನಿಗೆ ತಿಳಿದದ್ದು ಶೀನ ತಿರುಗಿ ನೋಡಿದಾಗ. ಶೀನನ ಎರಡು ಕೈಯಲ್ಲೂ ಎಂಜಲು ಲೋಟಗಳಿದ್ದವು.

"ಬಂದೆ ಧಣಿ" ಎಂದ ಶೀನ.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಈ ಕೂಗಿಗೆ ದಿನವೂ ಒಳಗೊಳಗೇ ಕುದಿದವನು ಸದಾನಂದ. ಕುರ್ಚಿಯಲ್ಲಿ ಅರ್ಧ ಗಂಟೆ ಕೂತದ್ದೇ ಅದು ತನ್ನ ಬಾಯಿಗೂ ಬಂತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಐತಾಳರಿಗೆ ಮಾತ್ರ ತುಂಬ ತೃಪ್ತಿಯಾಯಿತು. "ಹಾಗೆ ಬಿಗಿಯಾಗಿರ್ಬೇಕು" ಎಂದರು.

ಕೋಟು ತಂದವನೇ ಆಟವನ್ನೆಲ್ಲ ಹಾಳುಮಾಡಿದ. ದೋಸೆ ಹೊಯ್ದು ಮುಗಿಸಿದ ಕಿಟ್ಟಣ್ಣ ಎಲ್ಲ ಮರೆತು, ಎಂದಿನಂತೆ ಒಳಗಿನಿಂದ ಗಂಟಲು ಹರಿಯುವಂತೆ ಕೂಗಿದ: "ಮಾಣಿ, ದೋಸೆ ಆಯ್ತು, ತಕೊಂಡು ಹೋಗು."

ಸದಾನಂದನ ಕಾಲುಗಳು ಇದಕ್ಕೇ ಕಾದಿದ್ದವು. ಅವು ಅವನನ್ನು ಕೇಳಲಿಲ್ಲ. ಅವನಿಗೆ ಎಚ್ಚರವಾಗುವಾಗ ಎಡಗೈಯ ಉದ್ದಕ್ಕೂ ನಾಲ್ಕು ತಟ್ಟೆ ದೋಸೆ, ಬಲಗೈಯಲ್ಲಿ ಸಾಂಬಾರಿನ ಬಟ್ಟಲು, ಮೊಣಕೈ ತನಕ ಏರಿದ ಕೋಟಿನ ತೋಳು. ಹೋಟೆಲಿನ ನಡುವೆ ನಿಂತಿದ್ದ. ರಾಘವಾಚಾರಿ ಸಾಂಬಾರಿನ ಬಟ್ಟಲನ್ನೂ ತಮ್ಮ ಕೋಟನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಐತಾಳರ ಬಾಯಿ ತೆರೆದಿತ್ತು.

ಎಲ್ಲ ಮುಗಿಯಿತು ಎಂದುಕೊಂಡ ಸದಾನಂದ. ಮುಗಿದ ಮೇಲೆ ಹೆದರುವುದಕ್ಕೇನಿದೆ? ದೋಸೆಗಳನ್ನು ಒಂದೊಂದಾಗಿ ಇಟ್ಟ. ಕೊನೆಯದನ್ನು ಐತಾಳರ ಮುಂದಿಟ್ಟು ತಲೆ ತಗ್ಗಿಸಿ ನಿಂತ.

ಐತಾಳರು ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಮೇನೇಜರಾಗಿ ಸ್ವತಃ ಬಡಿಸ್ತೀರಲ್ಲ ಹೊಳ್ಳರೇ. ಇಷ್ಟು ಮೇಲೆ ಬಂದವರಿಗೆ ಇಷ್ಟು ವಿನಯವಾ? ನಾನು ಇಷ್ಟು ಪ್ರಾಯದಲ್ಲಿ ಕಂಡದ್ದಿಲ್ಲ." ಮಗನ ಕಡೆ ತಿರುಗಿ, "ನೋಡಿ ಕಲಿ" ಎಂದರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮಂಥವರ ಹತ್ರ ಮುಚ್ಚಿಡುದು ಪಾಪ. ಇವನಿಗೆ ಕಂಪನಿ ಕೆಲಸ ಅಂತ ನಾನು ಹೇಳಿದ್ದೆನಲ್ಲ. ಕೆಲಸ ಇಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಎರಡು ವರ್ಷದಿಂದ ಮನೆಯಲ್ಲೇ. ರಾಮೇಶ್ವರ ಹೌದು, ಆದ್ರೆ ನಾನು ಇಳಿದದ್ದು ಇದಕ್ಕೇ. ನಿಮ್ಮ ಕೈಕೆಳಗೆ ಎಂಥದ್ದಾದ್ರೂ ಒಂದು ಕೊಡಿ. ಮದುವೆ ವೈಶಾಖದಲ್ಲೇ ಮಾಡಿಬಿಡುವ."

ಕೊಡುವುದಿಲ್ಲವೆಂದರೆ ಮದುವೆ ಇಲ್ಲ. ಕೊಡಲು ತನಗೇ ಇಲ್ಲ. ಸದಾನಂದ ಕೋಟಿನ ಗುಂಡಿ ತಿರುವುತ್ತಾ, "ಆಯ್ತು, ನಾನು ಮಾತು ಕೊಟ್ಟೆ" ಎಂದ.

ಆ ಹೊತ್ತಿಗೇ ಧಣಿ ಬಾಗಿಲಲ್ಲಿ ಕಾಣಿಸಿಕೊಂಡರು. "ಧಣಿ ಬಂದ್ರು" ಎಂದ ಶೀನ. ಖಾಲಿ ಗಲ್ಲಾ, ನಡುವೆ ಕೋಟು ಹಾಕಿದ ಮಾಣಿ, ಅವನ ಕೈ ಹಿಡಿದ ಅಪರಿಚಿತರು. ಧಣಿ ಬಾಯಿ ತೆರೆಯುವ ಮೊದಲೇ ಐತಾಳರು ಎದ್ದು ಕೈಮುಗಿದರು. "ಇವರು ನನ್ನ ಮಗನಿಗೆ ಇಲ್ಲಿ ಕೆಲಸ ಕೊಡ್ತೇನೆ ಅಂತ ಮಾತು ಕೊಟ್ಟಿದ್ದಾರೆ. ನೀವು ಧಣಿಗಳು. ನಿಮ್ಮದೂ ಒಂದು ಒಪ್ಪಿಗೆ ಬೇಕು."

ಧಣಿ ಸದಾನಂದನನ್ನು ನೋಡಿದರು. ಸದಾನಂದ ನೆಲ ನೋಡಿದ. ಧಣಿ ಕೆಟ್ಟವರಲ್ಲ; ವ್ಯಾಪಾರಸ್ಥರು. ಹುಡುಗನನ್ನು ಮೇಲಿಂದ ಕೆಳಗೆ ಅಳೆದರು.

"ಓದಿದ್ದೆಷ್ಟು?"

"ಎಸ್ಸೆಸ್ಸೆಲ್ಸಿ" ಎಂದ ಮುರಳೀಧರ. ಅವನು ಆ ದಿನ ಆಡಿದ ಮೊದಲ ಮಾತು ಅದು.

"ಇಂಗ್ಲಿಷು ಬರೀತೀಯಾ? ಲೆಕ್ಕ ಬರ್ತದಾ?"

"ಬರ್ತದೆ."

"ನನಗೂ ಈ ಗಲ್ಲಾದಲ್ಲಿ ಕೂತು ಕೂತು ಬೆನ್ನು ಹೋಯ್ತು. ನಮ್ಮ ಸದಾನಂದ ಹೇಳಿದ ಮೇಲೆ ಆಯ್ತು. ಹೋಗು, ಆ ಕುರ್ಚಿಯಲ್ಲಿ ಕೂತ್ಕೋ" ಎಂದರು ಧಣಿ.

ಮರ್ಯಾದೆ ಉಳಿಯಿತು. ಮಗಳ ಮದುವೆ ಆಯಿತು ಎಂದೇ ಲೆಕ್ಕ. ಸದಾನಂದನಿಗೆ ನಿಜವಾಗಿಯೂ ಸಂತೋಷವಾಯಿತು. ಮುರಳೀಧರ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿದ ಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಇಂದಲ್ಲ ನಾಳೆ ಊರಿಗೆ ಹೋಗಲಿ ಎಂದು ಕಾಯಬಹುದಿತ್ತು. ಅಳಿಯ ಕೂತ ಮೇಲೆ ಅವನು ಏಳಲೆಂದು ಯಾವ ಮಾವ ಹರಕೆ ಹೊರುತ್ತಾನೆ?

ಐತಾಳರು ಹೊರಡುವಾಗ ಅವನ ಭುಜ ತಟ್ಟಿದರು. "ಊರಲ್ಲಿ ನನಗೂ ಒಂದು ಮಾತಾಯ್ತು. ಹೋಟ್ಲೆಲ್ಲ ನಮ್ಮ ಮುರಳಿಯೇ ನೋಡಿಕೊಳ್ಳುದು ಅಂತ ಹೇಳ್ತೇನೆ" ಎಂದು ಎಗ್ಮೋರಿಗೆ ಬಸ್ಸು ಹತ್ತಿದರು.

ಕೋಟು ದೋಭಿಯ ಮನೆಗೆ ಹಿಂದಿರುಗಿತು, ತೋಳಿನಲ್ಲಿ ಸಾಂಬಾರಿನ ಒಂದು ಹೊಸ ಕಲೆಯೊಂದಿಗೆ. ಸದಾನಂದ ಅಡುಗೆಮನೆಯ ಮೂಲೆಯಲ್ಲಿ ಶೀನನ ಎದುರು ನಿಂತ.

"ಬೆಳಿಗ್ಗೆ ಬಾಯಿ ತಪ್ಪಿತು ಮಾರಾಯ."

"ಬಿಡು ಸದಾನಂದಣ್ಣ. ಆ ಕುರ್ಚಿಯೇ ಹಾಗೆ. ನಾನು ಕೂತಿದ್ರೂ ಹಾಗೇ ಕೂಗ್ತಿದ್ದೆ" ಎಂದು ಶೀನ ಹೆಗಲಿನ ಬಟ್ಟೆಯನ್ನು ತೆಗೆದು ಅವನ ಹೆಗಲಿಗೆ ಹಾಕಿದ.

ಸಂಜೆಯ ತಿಂಡಿಗೆ ಜನ ಸೇರಿತ್ತು. ಸದಾನಂದ ಬನಿಯನ್ನಿನಲ್ಲಿ, ಬಟ್ಟೆ ಹೆಗಲಿಗೆ ಹಾಕಿ ಹೊರಗೆ ಬಂದ. ಗಲ್ಲಾದಲ್ಲಿದ್ದ ಮುರಳೀಧರ ಅವನನ್ನು ನೋಡಿ ಅರ್ಧ ಎದ್ದ. ಅವನಿಗೆ ಎಲ್ಲ ಅರ್ಥವಾಗಿತ್ತು. "ಅಪ್ಪನಿಗೆ ನಾನು ಹೇಳುದಿಲ್ಲ" ಎಂದು ಮೆಲ್ಲಗೆ ಅಂದು, ಧಣಿ ನೋಡುತ್ತಿದ್ದುದರಿಂದ ಮತ್ತೆ ಕೂತ. ಒಳ್ಳೆಯ ಹುಡುಗನೇ.

ಮೂರನೆಯ ಮೇಜಿನಲ್ಲಿ ಯಾರೋ ಲೋಟ ಕುಟ್ಟಿದರು. "ಮಾಣಿಯನ್ನು ಕರಿ" ಎಂದರು ಧಣಿ. ಮುರಳೀಧರ ಬಾಯಿ ತೆರೆದು ಮುಚ್ಚಿದ. ಹೆಣ್ಣು ಕೊಡುವ ಮಾವನನ್ನು ಮಾಣಿ ಎನ್ನುವಂತಿಲ್ಲ. ಹೆಸರು ಹಿಡಿದು ಕರೆಯುವಂತೆಯೂ ಇಲ್ಲ. ಕೊನೆಗೆ ಕೆಂಪಾದ ಮುಖದಲ್ಲಿ ಕೂಗಿದ:

"ಮಾವ, ಮೂರನೇ ಮೇಜು."

ರಾಘವಾಚಾರಿ ಪತ್ರಿಕೆಯಿಂದ ತಲೆಯೆತ್ತಿದರು. ಗಲ್ಲಾದ ಹೊಸ ಹುಡುಗ ಮಣಿಯನ್ನು, ತಮಿಳರು ಹಿರಿಯರನ್ನು ಗೌರವಕ್ಕೆ ಕರೆಯುವಂತೆ, ಮಾಮಾ ಎಂದ ಹಾಗೆ ಅವರಿಗೆ ಕೇಳಿಸಿತು. ಮಣಿಯ ಕಿವಿಯ ಮೇಲಿನ ಬಿಳಿ ಕೂದಲನ್ನು ಮೊದಲ ಸಲವೆಂಬಂತೆ ನೋಡಿ, ಅದೂ ಸರಿಯೇ ಎಂದುಕೊಂಡರು.

"ಮಾಮಾ, ಒರು ಕಾಪಿ. ಸಕ್ಕರೆ ವೇಂಡಾಂ" ಎಂದರು.

ಅವರ ಪಕ್ಕದ ಮೇಜಿನವರೂ ಹಾಗೇ ಕರೆದರು, ಅದರ ಆಚೆಯವರೂ. ಮರುದಿನದಿಂದ ಮೈಲಾಪೂರಿನಲ್ಲಿ ಯಾರೂ ಅವನನ್ನು ಮಣಿ ಎನ್ನಲಿಲ್ಲ. ಇಷ್ಟು ವರ್ಷದ ಮೇಲೆ ಸದಾನಂದನಿಗೆ ಬಡ್ತಿ ಸಿಕ್ಕಿತ್ತು. ಅವನು ಹೆಗಲ ಬಟ್ಟೆ ಸರಿಮಾಡಿಕೊಂಡು ಮೂರನೆಯ ಮೇಜಿಗೆ ಹೋದ.